ಐವತ್ತರ ನೋಟಿನ ಕಲ್ಲಿನ ರಥ

ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಹೋಗಿದ್ದೆ. ಮೈಸೂರಿನ ಹಳೆಯ ಪೇಟೆಯಲ್ಲಿ, ಎರಡು ಅಂಗಡಿಗಳ ನಡುವಿನ ಸಂದಿಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುವ ರಿಪೇರಿಯವರು ಅವರು. ಕೆಲಸ ಮುಗಿಸಿ, ನಾನು ಕೊಟ್ಟ ಐವತ್ತರ ನೋಟುಗಳನ್ನು ಎಣಿಸಿಕೊಂಡವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನು ತೆಗೆಯದೆ, ಒಂದು ನೋಟನ್ನು ಮಗುಚಿ ಹಾಗೇ ನೋಡುತ್ತ ಕೂತರು. ಖೋಟಾ ಇರಬಹುದೆಂಬ ಅನುಮಾನವೇ ಎಂದು ಕೇಳಿದೆ. ‘ಛೆ, ಅದಲ್ಲ ಸಾರ್. ಬಿಡುವಾದಾಗ ಹಿಂಗೇ ನೋಡ್ತಿರ್ತೀನಿ. ಎಂಥಾ ನಾಜೂಕು ಕೆಲ್ಸ ಮಾಡವ್ರೆ, ನೀವೇ ನೋಡಿ’ ಎಂದು ಮಸೂರ ಕಳಚಿ ನನ್ನ ಕೈಗಿಟ್ಟರು.

ನೋಡಿದೆ. ನೋಟಿನ ಹಿಂಬದಿಯ ಹಂಪಿಯ ಕಲ್ಲಿನ ರಥ ಅದು. ಬರಿಗಣ್ಣಿಗೆ ಅದೊಂದು ಮಸುಕು ಚಿತ್ರ, ನೀಲಿ ಹರಡಿದ ಹಾಗೆ ಇರುತ್ತದೆ. ಮಸೂರದ ಕೆಳಗೆ ಅದು ಸಾವಿರಾರು ಗೆರೆಗಳಾಗಿ ಬಿಚ್ಚಿಕೊಂಡಿತು. ಒಂದೊಂದು ಗೆರೆಗೂ ತನ್ನದೇ ದಾರಿ. ಗಾಲಿಯ ಅಂಚಿನಲ್ಲಿ ಬಾಗಿ ಹೋಗುವ ಗೆರೆ, ಜಗಲಿಯ ಮೇಲೆ ನೇರ ಸಾಗುವ ಗೆರೆ, ನೆರಳಿದ್ದಲ್ಲಿ ಒತ್ತೊತ್ತಾಗಿ ನಿಂತ ಗೆರೆ, ಬಿಸಿಲಿದ್ದಲ್ಲಿ ತೆಳ್ಳಗಾಗಿ ಚುಕ್ಕಿಗಳಾಗಿ ಕರಗುವ ಗೆರೆ. ಶರ್ಟಿನ ಗುಂಡಿಗಿಂತ ದೊಡ್ಡದಲ್ಲದ ಆ ಗಾಲಿಯಲ್ಲಿ ನನಗೆ ಕಲ್ಲಿನ ತೂಕ ಕಂಡಿತು. ಎಷ್ಟೋ ವರ್ಷದಿಂದ ತರಕಾರಿಯವರಿಗೂ ಕಂಡಕ್ಟರಿಗೂ ಕೊಟ್ಟು ಕಳೆದ ನೋಟು ಅದು. ಅಂದೇ ಮೊದಲು ನಾನದನ್ನು ಕಂಡದ್ದು.

ಮನೆಗೆ ಬಂದು ಒಂದು ಪರೀಕ್ಷೆ ಮಾಡಿದೆ. ಓದುಗರೂ ಮಾಡಬಹುದು, ಬೇಕಾದದ್ದು ಹತ್ತು ಪಟ್ಟು ಹಿಗ್ಗಿಸುವ ಒಂದು ಮಸೂರ ಮಾತ್ರ. ದಿನಪತ್ರಿಕೆಯಲ್ಲಿ ಬಂದ ಹಂಪಿಯ ಬಣ್ಣದ ಫೋಟೊ ಒಂದು ಕಡೆ, ಐವತ್ತರ ನೋಟು ಇನ್ನೊಂದು ಕಡೆ. ಪತ್ರಿಕೆಯ ಫೋಟೊ ಮಸೂರದ ಕೆಳಗೆ ಬರುತ್ತಲೇ ಒಡೆದುಹೋಗುತ್ತದೆ. ರಥವೂ ಇಲ್ಲ, ಆನೆಯೂ ಇಲ್ಲ. ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳ ಸಂತೆ. ಆ ನಾಲ್ಕು ಬಣ್ಣದ ಚುಕ್ಕಿಗಳು ದೂರದಿಂದ ಸೇರಿಕೊಂಡು ಕಣ್ಣಿಗೆ ಫೋಟೊ ಆಗಿ ಕಾಣುತ್ತವೆ. ನೋಟಿನ ರಥ ಹಾಗಲ್ಲ. ಹತ್ತಿರ ಹೋದಷ್ಟೂ ಅದು ಬೆಳೆಯುತ್ತದೆ. ಅಲ್ಲಿ ನೀಲಿ ಗೆರೆಯೆಂದರೆ ನೀಲಿಯೇ. ಆ ಗೆರೆಗೆಂದೇ ಬೆರೆಸಿದ ಶಾಯಿ, ಮೊದಲಿಂದ ಕೊನೆಯವರೆಗೆ ಕಡಿಯದೆ ಓಡುತ್ತದೆ.

ಇದು ಬರೀ ಅಂದಕ್ಕೆ ಮಾಡಿದ್ದಲ್ಲ. ಬಣ್ಣದ ಪ್ರಿಂಟರಿಗೆ ಗೆರೆ ಎಳೆಯಲು ಬರುವುದಿಲ್ಲ, ಚುಕ್ಕಿ ಇಡಲು ಮಾತ್ರ ಬರುತ್ತದೆ. ಖೋಟಾ ನೋಟು ಮಾಡುವವನು ಅಸಲಿಯನ್ನು ಯಂತ್ರಕ್ಕೆ ಒಡ್ಡಿ ನಕಲು ತೆಗೆದರೆ ಕೂದಲೆಳೆಯ ಗೆರೆಗಳೆಲ್ಲ ಚುಕ್ಕಿಗಳಾಗಿ ಉದುರುತ್ತವೆ, ಅಥವಾ ಒಂದಕ್ಕೊಂದು ಅಂಟಿಕೊಂಡು ಕಲೆಯಾಗುತ್ತವೆ. ನೋಟಿನ ಮೇಲೆ ಗುಡಿ ಗೋಪುರಗಳನ್ನು ಚಿತ್ರಿಸುವುದರ ಹಿಂದೆ ನಾಡಿನ ಹೆಮ್ಮೆ ಇದೆ, ನಿಜ. ಆದರೆ ಕಸುಬಿನವರ ಕಣ್ಣಿನಿಂದ ನೋಡಿದರೆ ಬೇರೊಂದು ಕಾರಣವೂ ತೋರುತ್ತದೆ. ಕೆತ್ತನೆ ತುಂಬಿದ ಕಲ್ಲಿನಲ್ಲಿ ಇರುವಷ್ಟು ಅಂಚು, ಮಡಿಕೆ, ನೆರಳು ಬೋಳು ಬಯಲಲ್ಲಿ ಇರುವುದಿಲ್ಲ. ವಿವರ ಹೆಚ್ಚಿದಷ್ಟೂ ಗೆರೆ ಹೆಚ್ಚು, ಗೆರೆ ಹೆಚ್ಚಿದಷ್ಟೂ ನಕಲು ಕಷ್ಟ. ಐನೂರು ವರ್ಷದ ಹಿಂದೆ ಶಿಲ್ಪಿ ಪಟ್ಟ ಶ್ರಮ ಹೀಗೆ ಇಂದಿನ ನೋಟಿಗೆ ಕಾವಲಾಗಿ ನಿಂತಿದೆ.

ಈಗ ಚಲಾವಣೆಯಲ್ಲಿರುವ ಹೊಸ ಮಾಲಿಕೆಯ ನೋಟುಗಳು ಬರತೊಡಗಿದ್ದು 2016ರ ನವೆಂಬರಿನಿಂದ. ಐನೂರರ ಮೇಲೆ ದೆಹಲಿಯ ಕೆಂಪು ಕೋಟೆ ಬಂತು. 2017ರ ಆಗಸ್ಟಿನಲ್ಲಿ ಹಂಪಿಯ ರಥದ ಐವತ್ತು, ಅದರ ಬೆನ್ನಿಗೇ ಸಾಂಚಿ ಸ್ತೂಪದ ಇನ್ನೂರು. 2018ರ ಆರಂಭದಲ್ಲಿ ಕೋನಾರ್ಕದ ಸೂರ್ಯ ದೇಗುಲದ ಹತ್ತು, ಅದೇ ವರ್ಷ ಜುಲೈನಲ್ಲಿ ಗುಜರಾತಿನ ರಾಣಿ ಕಿ ವಾವ್ ಇರುವ ನೂರು, 2019ರಲ್ಲಿ ಎಲ್ಲೋರದ ಇಪ್ಪತ್ತು. ಐವತ್ತರದ್ದು ಹೊಳೆಯುವ ನೀಲಿ. ಅಗಲ 66 ಮಿಲಿಮೀಟರ್, ಉದ್ದ 135 ಮಿಲಿಮೀಟರ್. ಎಡಕ್ಕೆ ಹದಿನೈದು ಭಾಷೆಗಳ ಪಟ್ಟಿ, ಅದರಲ್ಲಿ ಮೇಲಿನಿಂದ ನಾಲ್ಕನೆಯ ಸಾಲು ಕನ್ನಡದ್ದು. ಇಷ್ಟೆಲ್ಲದರ ನಡುವೆ ಉಳಿದ ಜಾಗದಲ್ಲಿ ರಥ ನಿಲ್ಲಬೇಕು.

ಆ ರಥದ ವಿಷಯ ಸ್ವಲ್ಪ ಹೇಳಿಯೇ ಮುಂದೆ ಹೋಗಬೇಕು. ವಿಜಯ ವಿಠ್ಠಲ ದೇವಾಲಯದ ಅಂಗಳದಲ್ಲಿ ಗರ್ಭಗುಡಿಗೆ ಎದುರಾಗಿ ನಿಂತಿರುವ ಅದು ನಿಜಕ್ಕೂ ಒಂದು ಗುಡಿ, ವಿಷ್ಣುವಿನ ವಾಹನ ಗರುಡನಿಗೆ ಕಟ್ಟಿದ್ದು. ಹದಿನಾರನೆಯ ಶತಮಾನದ ಕೆಲಸ, ಕೃಷ್ಣದೇವರಾಯನ ಹೆಸರಿನೊಂದಿಗೆ ಸೇರಿಕೊಂಡಿರುವಂಥದ್ದು. ಒಂದೇ ಬಂಡೆಯಲ್ಲಿ ಕಡೆದದ್ದೆಂದು ನೋಡಿದವರೆಲ್ಲ ಹೇಳುತ್ತಾರೆ. ಹಾಗಲ್ಲ. ಗ್ರಾನೈಟಿನ ಹಲವು ತುಂಡುಗಳನ್ನು ಜೋಡಿಸಿ ಕಟ್ಟಿದ್ದು, ಬೆಸುಗೆಯ ಜಾಗಗಳೆಲ್ಲ ಕೆತ್ತನೆಯ ಸಾಲುಗಳಲ್ಲಿ ಅಡಗುವ ಹಾಗೆ ಜಾಣತನ ಮಾಡಿದ್ದಾರೆ. ಗಾಲಿಗಳ ಮೇಲೆ ಒಂದರೊಳಗೊಂದು ಹೂಬಳ್ಳಿಯ ಉಂಗುರಗಳು. ಆ ಗಾಲಿಗಳು ಅಚ್ಚಿನ ಸುತ್ತ ತಿರುಗುತ್ತಿದ್ದವಂತೆ. ಜನ ತಿರುಗಿಸಿ ತಿರುಗಿಸಿ ಸವೆಸುತ್ತಾರೆಂದು ಕೊನೆಗೆ ಸಿಮೆಂಟು ಹಾಕಿ ನಿಲ್ಲಿಸಿಬಿಟ್ಟರು.

ಮುಂದಿರುವ ಎರಡು ಆನೆಗಳ ಕಥೆ ಇನ್ನೂ ಚೆನ್ನ. ಅವು ಮೊದಲಿನವಲ್ಲ. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು, ಬಾಲ ಇನ್ನೂ ಕಾಣುತ್ತವೆ. ಅಂದರೆ ಈ ರಥಕ್ಕೆ ಮೊದಲು ಹೂಡಿದ್ದು ಕುದುರೆಗಳನ್ನು. ಯಾವಾಗಲೋ ಅವು ಹೋಗಿ ಆ ಜಾಗಕ್ಕೆ ಆನೆಗಳು ಬಂದವು. ಮೇಲೆ ಇಟ್ಟಿಗೆಯ ಶಿಖರವೂ ಇತ್ತು. 1856ರಲ್ಲಿ ಕರ್ನಲ್ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ ಹಂಪಿಯ ಫೋಟೊಗಳಲ್ಲಿ ಆ ಶಿಖರ ಹಾಗೇ ಇದೆ. ಆಮೇಲೆ ಅದನ್ನು ಇಳಿಸಿದರು. ನೋಟಿನ ಮೇಲೆ ಇರುವುದು ಶಿಖರವಿಲ್ಲದ, ಆನೆ ಹೂಡಿದ, ಇಂದು ನಾವು ಹೋದರೆ ಕಾಣುವ ರಥ. ಚಿತ್ರಕಾರ ಬೇಕೆಂದಿದ್ದರೆ ಹಳೆಯ ಫೋಟೊ ನೋಡಿ ಶಿಖರ ಸೇರಿಸಬಹುದಿತ್ತು. ಸೇರಿಸದೆ ಇದ್ದದ್ದು ಸರಿಯೆಂದೇ ನನ್ನ ಅನಿಸಿಕೆ. ಉಳಿದು ಬಂದ ಕಲ್ಲಿಗೆ ಅದು ಸಲ್ಲಿಸಿದ ಮರ್ಯಾದೆ.

ಇನ್ನು ಗೆರೆಯ ಕೆಲಸಕ್ಕೆ ಬರೋಣ. ಬಣ್ಣದ ಚಿತ್ರ ಬರೆಯುವವರಿಗೆ ಒಂದು ಅನುಕೂಲವಿದೆ. ನೀರು ಬೆರೆಸಿ ಬಣ್ಣ ತೆಳು ಮಾಡಿದರೆ ಬೆಳಕು, ಗಟ್ಟಿ ಮಾಡಿದರೆ ನೆರಳು. ಅಚ್ಚಿನ ಗೆರೆಯವನಿಗೆ ಆ ದಾರಿ ಇಲ್ಲ. ಕಾಗದದ ಒಂದು ಜಾಗದಲ್ಲಿ ಶಾಯಿ ಇರುತ್ತದೆ, ಇಲ್ಲವೇ ಇರುವುದಿಲ್ಲ. ನಡುವಿನದು ಯಾವುದೂ ಇಲ್ಲ. ಹಾಗಿದ್ದರೂ ಅವನು ಮಧ್ಯಾಹ್ನದ ಬಿಸಿಲು, ಕಂಬದ ಹಿಂದಿನ ಕತ್ತಲು, ಸವೆದ ಗ್ರಾನೈಟಿನ ಒರಟು ಎಲ್ಲವನ್ನೂ ತೋರಿಸಬೇಕು. ಅವನ ಕೈಯಲ್ಲಿರುವುದು ಮೂರೇ ಉಪಾಯ. ಗೆರೆ ಎಷ್ಟು ದಪ್ಪ, ಪಕ್ಕದ ಗೆರೆಯಿಂದ ಎಷ್ಟು ದೂರ, ಮತ್ತು ಅದು ಯಾವ ಕಡೆಗೆ ಬಾಗುತ್ತದೆ.

ಈ ಮೂರನೆಯದೇ ಕಸುಬಿನ ಜೀವ. ಗುಡ್ಡದ ಮೇಲೆ ನಿಂತು ಉತ್ತ ಹೊಲವನ್ನು ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ನೆಲದ ಏರಿಳಿತವನ್ನು ಯಾರೂ ಹೇಳಬೇಕಿಲ್ಲ. ನೇಗಿಲ ಸಾಲುಗಳು ಬಾಗುವ ರೀತಿಯಲ್ಲೇ ಎಲ್ಲಿ ದಿಣ್ಣೆ, ಎಲ್ಲಿ ತಗ್ಗು ಎಂದು ಕಣ್ಣು ಅರಿತುಕೊಳ್ಳುತ್ತದೆ. ನೋಟಿನ ಗೆರೆಯೂ ಹಾಗೆಯೇ ಮೈಯನ್ನು ಹಿಂಬಾಲಿಸುತ್ತದೆ. ಆನೆಯ ಬೆನ್ನಿನ ಮೇಲೆ ಗೆರೆ ಬೆನ್ನಿನ ಜೊತೆಗೇ ಬಾಗಬೇಕು, ಕಂಬದ ಮೇಲೆ ಕಂಬವನ್ನು ಸುತ್ತಬೇಕು. ನೇರ ಎಳೆದರೆ ಆನೆ ಚಪ್ಪಟೆಯಾಗುತ್ತದೆ. ಕತ್ತಲು ಹೆಚ್ಚಬೇಕಾದಲ್ಲಿ ಮೊದಲ ಸಾಲಿನ ಮೇಲೆ ಓರೆಯಾಗಿ ಇನ್ನೊಂದು ಸಾಲು ಹಾಯಿಸುತ್ತಾರೆ, ಜಾಳಿಗೆಯ ಹಾಗೆ. ಓರೆ ಸ್ವಲ್ಪ ತಪ್ಪಿದರೆ ಕಲ್ಲು ಹೋಗಿ ಬಟ್ಟೆ ನೇಯ್ದ ಹಾಗೆ ಕಾಣುತ್ತದೆ. ಬೆಳಕು ಬರುವ ಕಡೆ ಗೆರೆ ತೆಳುವಾಗುತ್ತ ಹೋಗಿ ಚುಕ್ಕಿಯಾಗುತ್ತದೆ, ಆಮೇಲೆ ಬರೀ ಕಾಗದ ಉಳಿಯುತ್ತದೆ. ನೋಟಿನಲ್ಲಿ ಬಿಸಿಲೆಂದರೆ ಶಾಯಿ ಮುಟ್ಟದೆ ಬಿಟ್ಟ ಕಾಗದ. ಎಲ್ಲಿ ಎಳೆಯಬಾರದು ಎಂದು ತಿಳಿದವನ ಕೈಯಲ್ಲಿ ಮಾತ್ರ ಬಿಸಿಲು ಬೀಳುತ್ತದೆ.

ಈ ಗೆರೆಯ ಭಾಷೆ ಹುಟ್ಟಿದ್ದು ಲೋಹದ ತಗಡಿನ ಮೇಲೆ. ಹಳೆಯ ಕಾಲದ ನೋಟಿನ ಕೆತ್ತನೆಗಾರ ಬ್ಯೂರಿನ್ ಎಂಬ ಚೂಪು ಉಳಿಯಿಂದ ಉಕ್ಕಿನ ಫಲಕದಲ್ಲಿ ಗೆರೆ ಕೊರೆಯುತ್ತಿದ್ದ. ಉಳಿಯ ಹಿಡಿ ಅಂಗೈ ನಡುವೆ ಕೂರುತ್ತದೆ, ಕೈ ಮುಂದಕ್ಕೆ ತಳ್ಳುತ್ತದೆ. ಬಾಗಿದ ಗೆರೆ ಬೇಕಾದಾಗ ಕೈ ತಿರುಗಿಸುವುದಿಲ್ಲ. ಮರಳು ತುಂಬಿದ ಚರ್ಮದ ದಿಂಬಿನ ಮೇಲಿಟ್ಟ ಫಲಕವನ್ನೇ ಎಡಗೈಯಿಂದ ತಿರುಗಿಸುತ್ತಾರೆ. ಅದೂ ಕನ್ನಡಿಯ ಬಿಂಬದ ಹಾಗೆ ಎಡವನ್ನು ಬಲ ಮಾಡಿ ಕೊರೆಯಬೇಕು, ಅಚ್ಚಾದಾಗ ನೇರವಾಗಲಿ ಎಂದು. ಮೂಲ ಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಂಡು ಕೊರೆಯುವ ರೂಢಿಯೂ ಇತ್ತು. ಒಂದು ಗೆರೆ ತಪ್ಪಿದರೆ ರಬ್ಬರಿನಿಂದ ಅಳಿಸಲಾಗದು. ಆ ಜಾಗವನ್ನು ಹೆರೆದು, ಹಿಂದಿನಿಂದ ಸಣ್ಣಗೆ ತಟ್ಟಿ ಲೋಹವನ್ನು ಮೇಲೆಬ್ಬಿಸಿ, ನುಣುಪು ಮಾಡಿ ಮತ್ತೆ ಕೊರೆಯಬೇಕು. ಒಂದು ಫಲಕಕ್ಕೆ ತಿಂಗಳುಗಟ್ಟಲೆ ಹಿಡಿಯುವುದು ಮಾಮೂಲು.

ಇಲ್ಲೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಕಲ್ಲು ಕಡೆಯುವವನೂ ಬೇಡದ್ದನ್ನು ತೆಗೆಯುತ್ತ ಹೋಗುತ್ತಾನೆ, ಇವನೂ ಲೋಹವನ್ನು ತೆಗೆಯುತ್ತ ಹೋಗುತ್ತಾನೆ. ತೆಗೆದದ್ದನ್ನು ಮತ್ತೆ ಹಚ್ಚುವಂತಿಲ್ಲ, ಇಬ್ಬರಿಗೂ. ವಿಠ್ಠಲ ದೇವಾಲಯದ ಶಿಲ್ಪಿ ಹಲವು ಕಲ್ಲುಗಳನ್ನು ಸೇರಿಸಿ ಒಂದೇ ಕಲ್ಲೆಂದು ನಂಬಿಸಿದ. ಗೆರೆಯವನು ಸಾವಿರ ಗೆರೆಗಳನ್ನು ಸೇರಿಸಿ ಕಲ್ಲೆಂದೇ ನಂಬಿಸುತ್ತಾನೆ. ಐವತ್ತರ ನೋಟನ್ನು ಹಿಡಿದಾಗಲೆಲ್ಲ ನನಗೆ ಇವರಿಬ್ಬರೂ ಒಂದೇ ಮನೆತನದವರು ಅನ್ನಿಸುತ್ತದೆ.

ಕೊರೆದ ಫಲಕದಿಂದ ಅಚ್ಚು ತೆಗೆಯುವ ಬಗೆಗೆ ಇಂಟಾಲಿಯೊ ಎನ್ನುತ್ತಾರೆ. ಫಲಕದ ತುಂಬ ಶಾಯಿ ಬಳಿದು, ಮೇಲ್ಮೈಯನ್ನು ಚೊಕ್ಕಟವಾಗಿ ಒರೆಸುತ್ತಾರೆ. ಶಾಯಿ ಉಳಿಯುವುದು ಕೊರೆದ ಗುಳಿಗಳಲ್ಲಿ ಮಾತ್ರ. ಆಮೇಲೆ ಕಾಗದವನ್ನು ಭಾರೀ ಒತ್ತಡದಲ್ಲಿ ಅದುಮಿದಾಗ ಕಾಗದವೇ ಗುಳಿಗಳೊಳಗೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಆಳ ಕೊರೆದಲ್ಲಿ ಹೆಚ್ಚು ಶಾಯಿ, ಹೆಚ್ಚು ಉಬ್ಬು. ನೂರು, ಇನ್ನೂರು, ಐನೂರರ ನೋಟಿನ ಮುಂಬದಿಯಲ್ಲಿ ಗಾಂಧೀಜಿಯ ಮುಖದ ಮೇಲೆ, ಅಶೋಕ ಸ್ತಂಭದ ಲಾಂಛನದ ಮೇಲೆ ಬೆರಳು ಆಡಿಸಿದರೆ ತರಿತರಿಯಾಗಿ ಸಿಗುವುದು ಇದೇ. ಆ ನಗುಮುಖ 1946ರಲ್ಲಿ ತೆಗೆದ ಒಂದು ಫೋಟೊದಿಂದ ಬಂದದ್ದು. ಫೋಟೊದ ಕಪ್ಪು ಬಿಳುಪು ಪೂರಾ ಗೆರೆಯಾಗಿ ಬದಲಾದರೂ ನಗು ಮಾತ್ರ ಕೆಡದೆ ಉಳಿದಿದೆ.

ಹೊಸ ಐವತ್ತರಲ್ಲಿ ಈ ಉಬ್ಬು ಇಲ್ಲ. ಹಳೆಯ ಮಾಲಿಕೆಯ ಐವತ್ತರಲ್ಲಿ ಉಬ್ಬಿದ ಚೌಕದ ಗುರುತಿತ್ತು, ಕಣ್ಣು ಕಾಣದವರು ಅದನ್ನು ಬೆರಳಿನಿಂದ ಓದುತ್ತಿದ್ದರು. 2016ರಿಂದ ಇಪ್ಪತ್ತು, ಐವತ್ತರ ನೋಟುಗಳನ್ನು ಉಬ್ಬಿಲ್ಲದೆ ಅಚ್ಚು ಹಾಕತೊಡಗಿದರು. ಈಗ ಅವರಿಗೆ ನೋಟಿನ ಅಳತೆಯೇ ಮುಖ್ಯ ಆಧಾರ. ಅಚ್ಚಿನ ಕೆಲಸ ಎಷ್ಟೇ ಚೆನ್ನಾಗಿರಲಿ, ಆ ಚೌಕ ಹೋದದ್ದು ನನಗೆ ನಷ್ಟವೆಂದೇ ಅನ್ನಿಸುತ್ತದೆ. ರಥವನ್ನು ಬೆರಳಿನಿಂದಲೂ ನೋಡುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಹಾಗಾದರೆ ಐವತ್ತರ ರಥ ಕಾಗದಕ್ಕೆ ಇಳಿಯುವುದು ಹೇಗೆ? ಆಫ್‌ಸೆಟ್ ಪದ್ಧತಿಯಲ್ಲಿ. ಫಲಕದಿಂದ ಚಿತ್ರ ಮೊದಲು ರಬ್ಬರಿನ ಹಾಸಿಗೆ ಇಳಿಯುತ್ತದೆ, ರಬ್ಬರಿನಿಂದ ಕಾಗದಕ್ಕೆ. ಮದುವೆ ಕರೆಯೋಲೆಗಳೂ ಆಫ್‌ಸೆಟ್ಟಿನಲ್ಲೇ ಆಗುತ್ತವಲ್ಲ ಎನ್ನಬಹುದು. ಆಗುತ್ತವೆ, ಆದರೆ ನೋಟಿನ ಯಂತ್ರ ಹಿಂದು ಮುಂದು ಎರಡೂ ಬದಿಯನ್ನು ಒಂದೇ ಸಲಕ್ಕೆ ಅಚ್ಚು ಹಾಕುತ್ತದೆ. ಕಾಗದ ಎರಡು ರಬ್ಬರ್ ಉರುಳೆಗಳ ನಡುವೆ ಒಮ್ಮೆ ಹಾದರೆ ಸಾಕು. ಇದರ ಸಾಕ್ಷಿ ನಿಮ್ಮ ಕಿಸೆಯಲ್ಲೇ ಇದೆ. ಐವತ್ತರ ನೋಟನ್ನು ಬೆಳಕಿಗೆ ಹಿಡಿದು ಮುಂಬದಿಯ ಎಡಗಡೆ ನೋಡಿ. ಅಲ್ಲಿ ಅರೆಬರೆ ತುಣುಕುಗಳಿವೆ, ಹಿಂಬದಿಯಲ್ಲಿ ಉಳಿದ ತುಣುಕುಗಳು. ಬೆಳಕು ಹಾಯ್ದಾಗ ಎರಡೂ ಸೇರಿ 50 ಎಂಬ ಅಂಕಿ ಪೂರ್ತಿಯಾಗುತ್ತದೆ. ಮೊದಲು ಒಂದು ಬದಿ, ಆಮೇಲೆ ಇನ್ನೊಂದು ಬದಿ ಎಂದು ಅಚ್ಚು ಹಾಕುವವನಿಗೆ ಆ ಜೋಡಣೆ ಕೂದಲೆಳೆಯಷ್ಟಾದರೂ ತಪ್ಪುತ್ತದೆ.

ಇನ್ನೊಂದು ಚಮತ್ಕಾರವೆಂದರೆ ಬಣ್ಣದಿಂದ ಬಣ್ಣಕ್ಕೆ ಜಾರುವ ಗೆರೆ. ಒಂದೇ ಉರುಳೆಯ ಮೇಲೆ ಎರಡು ಶಾಯಿಗಳನ್ನು ಅಕ್ಕಪಕ್ಕ ಬಿಟ್ಟು, ಉರುಳೆಯನ್ನು ಆಚೀಚೆ ಸ್ವಲ್ಪ ಅಲುಗಿಸುತ್ತಾರೆ. ನಡುವಿನಲ್ಲಿ ಎರಡೂ ಬೆರೆತು, ಗೆರೆ ಎಲ್ಲಿಯೂ ಕಡಿಯದೆ ಒಂದು ಬಣ್ಣದಿಂದ ಹೊರಟು ಇನ್ನೊಂದು ಬಣ್ಣದಲ್ಲಿ ಮುಗಿಯುತ್ತದೆ. ಎಲ್ಲಿ ಬದಲಾಯಿತೆಂದು ಬೆರಳಿಟ್ಟು ತೋರಿಸಲಾಗದು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆ, ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ಜಾಗವನ್ನಾದರೂ ಹುಡುಕಬಹುದು, ಇಲ್ಲಿ ಅದೂ ಆಗದು.

ಒಂದು ಫಲಕದಿಂದ ಕೋಟಿಗಟ್ಟಲೆ ನೋಟು ಹೇಗೆ ಎಂಬ ಪ್ರಶ್ನೆಯನ್ನು ಬಿಡಿಸಿದ್ದು ಜೇಕಬ್ ಪರ್ಕಿನ್ಸ್ ಎಂಬ ಅಮೆರಿಕದವನು, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಮೆತ್ತಗಿನ ಉಕ್ಕಿನ ಮೇಲೆ ಕೊರೆದು, ಅದನ್ನು ಕಾಸಿ ಗಡಸು ಮಾಡಿ, ಅದರ ಮೇಲೆ ಮೆತ್ತಗಿನ ಉಕ್ಕಿನ ಉರುಳೆ ಹಾಯಿಸಿದರೆ ಚಿತ್ರ ಉರುಳೆಗೆ ಏರುತ್ತದೆ. ಆ ಉರುಳೆಯನ್ನೂ ಗಡಸು ಮಾಡಿದರೆ ಬೇಕಾದಷ್ಟು ಫಲಕಗಳಿಗೆ ಅದೇ ಚಿತ್ರವನ್ನು ಒತ್ತಬಹುದು, ಒಂದು ಗೆರೆಯೂ ಆಚೀಚೆ ಆಗದೆ. 1840ರಲ್ಲಿ ಬಂದ ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಅಚ್ಚಾದದ್ದೂ ಇದೇ ವಿದ್ಯೆಯಿಂದ. ಇಂದು ಇದರ ಬಹುಪಾಲು ಕಂಪ್ಯೂಟರಿಗೆ ಬಂದಿದೆ, ಗೆರೆಯನ್ನು ಪರದೆಯ ಮೇಲೆ ಎಳೆಯುತ್ತಾರೆ. ಆದರೆ ಪರದೆಯ ಮೇಲೆ ಎಳೆಯುವವನಿಗೂ ಆನೆಯ ಬೆನ್ನು ಎತ್ತ ಬಾಗುತ್ತದೆಂದು ಗೊತ್ತಿರಬೇಕು.

ಮೈಸೂರಿನವನಾದ್ದರಿಂದ ಊರಿನ ಒಂದು ಮಾತು ಹೇಳದೆ ಇರಲಾರೆ. ನಮ್ಮ ದೇಶದ ನೋಟುಗಳು 1928ರವರೆಗೆ ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. ಆ ವರ್ಷ ನಾಸಿಕದಲ್ಲಿ ಅಚ್ಚು ಶುರುವಾಯಿತು, ಮುಂದೆ ಮಧ್ಯಪ್ರದೇಶದ ದೇವಾಸ್ ಸೇರಿತು. ರಿಸರ್ವ್ ಬ್ಯಾಂಕು 1995ರಲ್ಲಿ ಇದಕ್ಕೆಂದೇ ತನ್ನದೊಂದು ಸಂಸ್ಥೆ ಕಟ್ಟಿ, ಮೈಸೂರಿನಲ್ಲೂ ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲೂ ಮುದ್ರಣಾಲಯ ತೆರೆಯಿತು. ಇಲ್ಲಿ ನೋಟಿನ ಕಾಗದದ ಗಿರಣಿಯೂ ಇದೆ, ವರ್ಷಕ್ಕೆ ಹನ್ನೆರಡು ಸಾವಿರ ಟನ್ ಕಾಗದ ಮಾಡುವಷ್ಟು ದೊಡ್ಡದು. 2022ರಿಂದ ‘ವರ್ಣಿಕಾ’ ಎಂಬ ಹೆಸರಿನ ಶಾಯಿ ಕಾರ್ಖಾನೆಯೂ ಇದೆ. ಕಾಗದ ಎಂದು ಬಾಯಿಮಾತಿಗೆ ಹೇಳುತ್ತೇವಷ್ಟೆ. ಅದು ಮರದ ತಿರುಳಿನದ್ದಲ್ಲ, ನೂರಕ್ಕೆ ನೂರು ಹತ್ತಿಯದ್ದು. ಅಂಗಿಯ ಕಿಸೆಯಲ್ಲಿ ಮರೆತು ಒಗೆದರೂ ನೋಟು ಮುದ್ದೆಯಾಗದೆ ಬರುವುದು ಅದಕ್ಕೇ. ಕಾಗದ, ಶಾಯಿ, ಅಚ್ಚು ಮೂರೂ ಒಂದೇ ಊರಿನಲ್ಲಿ ಸಿಗುವ ಈ ಭಾಗ್ಯವನ್ನು ನಮ್ಮೂರಿನವರು ಅಷ್ಟಾಗಿ ಮಾತಾಡಿಕೊಳ್ಳುವುದಿಲ್ಲ. ಎತ್ತರದ ಗೋಡೆಯ ಆಚೆ ನಡೆಯುವ ಕೆಲಸ, ನೋಡಿ ಬರಲು ಯಾರಿಗೂ ಬಿಡುವುದಿಲ್ಲ, ಬಿಡಬಾರದು ಕೂಡ.

ಉಳಿದ ನೋಟುಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದದ್ದು ನೂರರದ್ದು. ಗುಜರಾತಿನ ಪಾಟಣದ ರಾಣಿ ಕಿ ವಾವ್ ಮೇಲಕ್ಕೆ ಏಳುವ ಕಟ್ಟಡವೇ ಅಲ್ಲ. ಹನ್ನೊಂದನೆಯ ಶತಮಾನದಲ್ಲಿ ರಾಣಿ ಉದಯಮತಿ ಕಟ್ಟಿಸಿದ ಮೆಟ್ಟಿಲುಬಾವಿ. ಏಳು ಹಂತಗಳಲ್ಲಿ ನೆಲದೊಳಗೆ ಇಳಿಯುತ್ತದೆ, ಗುಡಿಯನ್ನು ತಲೆಕೆಳಗು ಮಾಡಿ ಮಣ್ಣಿನಲ್ಲಿ ಹುದುಗಿಸಿದ ಹಾಗೆ. ಸರಸ್ವತಿ ನದಿಯ ಹೂಳು ತುಂಬಿ ಶತಮಾನಗಳ ಕಾಲ ಮುಚ್ಚಿಹೋಗಿದ್ದರಿಂದಲೇ ಒಳಗಿನ ಶಿಲ್ಪಗಳು ಅಷ್ಟು ಚೂಪಾಗಿ ಉಳಿದವು. ಹೂಳೆತ್ತಿ, 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೋಪುರವನ್ನಾದರೆ ಆಕಾಶದ ಮುಂದೆ ನಿಲ್ಲಿಸಿ ಬರೆಯಬಹುದು, ಅಂಚು ತಾನಾಗಿ ಕಾಣುತ್ತದೆ. ಬಾವಿಗೆ ಆಕಾಶವೆಲ್ಲಿ? ಆಳವನ್ನು ನೆರಳಿನಿಂದಲೇ ತೋರಿಸಬೇಕು, ಕಂಬದ ಹಿಂದೆ ಕಂಬ, ಅದರ ಹಿಂದೆ ಕತ್ತಲು. ಎಲ್ಲ ಗೆರೆಯೂ ಒಂದೇ ತಿಳಿ ನೇರಳೆ ಬಣ್ಣದ ಬಳಗದಲ್ಲಿ ಇರಬೇಕೆಂಬ ಕಟ್ಟು ಬೇರೆ.

ಸಾಂಚಿಯದ್ದು ಇದಕ್ಕೆ ತದ್ವಿರುದ್ಧದ ಕಷ್ಟ. ಸ್ತೂಪವೆಂದರೆ ಬೋಳು ಗುಮ್ಮಟ, ಹಿಡಿದುಕೊಳ್ಳಲು ಕೆತ್ತನೆಯೇ ಇಲ್ಲ. ದುಂಡಗಿನ ಮೈಯನ್ನು ಗೆರೆಯ ಬಾಗಿನಿಂದಲೇ ಉಬ್ಬಿಸಬೇಕು. ಪುಣ್ಯಕ್ಕೆ ಕೆತ್ತನೆ ತುಂಬಿದ ತೋರಣದ್ವಾರಗಳಿವೆ. ಕೆಂಪು ಕೋಟೆ ಐನೂರರ ಕಲ್ಲುಬೂದು ಬಣ್ಣದಲ್ಲಿ ತನ್ನ ಕೆಂಪನ್ನು ಕಳೆದುಕೊಂಡಿದೆ. ಆ ನೋಟು ನನಗೆ ಅಷ್ಟು ಹಿಡಿಸಿಲ್ಲ.

ಹತ್ತು ಮತ್ತು ಐವತ್ತನ್ನು ಅಕ್ಕಪಕ್ಕ ಇಟ್ಟರೆ ಎರಡು ರಥಗಳು ಎದುರಾಗುತ್ತವೆ. ಕೋನಾರ್ಕವನ್ನು ಹದಿಮೂರನೆಯ ಶತಮಾನದಲ್ಲಿ ಗಂಗ ವಂಶದ ನರಸಿಂಹದೇವ ಸೂರ್ಯನ ರಥವಾಗಿಯೇ ಕಟ್ಟಿಸಿದ, ಇಪ್ಪತ್ತನಾಲ್ಕು ಗಾಲಿ, ಏಳು ಕುದುರೆ. ಕೃಷ್ಣದೇವರಾಯ ಕಳಿಂಗದ ಮೇಲೆ ದಂಡೆತ್ತಿ ಹೋದಾಗ ಆ ರಥಕ್ಕೆ ಮನಸೋತು ಹಂಪಿಯಲ್ಲಿ ತನ್ನದೊಂದನ್ನು ಮಾಡಿಸಿದ ಎಂಬ ಮಾತು ಹಂಪಿಯಲ್ಲಿ ಪ್ರತಿಯೊಬ್ಬ ಗೈಡಿನ ಬಾಯಲ್ಲೂ ಇದೆ. ಇಪ್ಪತ್ತರ ಎಲ್ಲೋರದಲ್ಲೂ ನಮಗೊಂದು ಸಂಬಂಧವಿದೆ. ಅಲ್ಲಿನ ಹದಿನಾರನೆಯ ಗುಹೆ ಕೈಲಾಸವನ್ನು ಎಂಟನೆಯ ಶತಮಾನದಲ್ಲಿ ಕಡೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಬೆಟ್ಟವನ್ನು ಮೇಲಿನಿಂದ ಕೆಳಗೆ ಕಡೆಯುತ್ತ ಬಂದು ಇಡೀ ದೇವಾಲಯವನ್ನು ಒಂದೇ ಬಂಡೆಯಿಂದ ಬಿಡಿಸಿದರು. ಅದಕ್ಕೆ ಮಾದರಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವೆಂದು ಕಲೆಯ ಇತಿಹಾಸಕಾರರು ಹೇಳುತ್ತಾರೆ. ಚಾಲುಕ್ಯರ ರಾಣಿ ಲೋಕಮಹಾದೇವಿ ಗಂಡನ ಕಂಚಿಯ ಗೆಲುವಿಗಾಗಿ ಕಟ್ಟಿಸಿದ ಗುಡಿ ಅದು.

ನಮ್ಮ ನೋಟಿಗೆ ಗುಡಿ ಏರಿದ್ದು ಹೊಸದೇನಲ್ಲ. 1954ರ ಸಾವಿರದ ನೋಟಿನ ಮೇಲೆ ತಂಜಾವೂರಿನ ಬೃಹದೀಶ್ವರ, ಐದು ಸಾವಿರದ ಮೇಲೆ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾ ಇದ್ದವು. 1978ರಲ್ಲಿ ಅವು ರದ್ದಾದವು. ಬೇರೆ ನೋಟುಗಳ ಮೇಲೆ ಹೀರಾಕುಡ್ ಅಣೆಕಟ್ಟು, ಕೋನಾರ್ಕದ ಗಾಲಿ, ಸಂಸತ್ ಭವನ ಬಂದಿದ್ದವು.

ಎಲ್ಲ ದೇಶಗಳಿಗೂ ಹೀಗೆ ಒಂದು ಕಟ್ಟಡವನ್ನು ಆರಿಸುವ ಧೈರ್ಯ ಇರುವುದಿಲ್ಲ. ಯೂರೋ ನೋಟುಗಳ ಮೇಲಿನ ಸೇತುವೆಗಳನ್ನು ಬರೆದ ಆಸ್ಟ್ರಿಯದ ರಾಬರ್ಟ್ ಕಲಿನಾ ಅವರಿಗೆ ಇದ್ದ ಕಟ್ಟಳೆಯೇ ಬೇರೆ. ಒಂದು ದೇಶದ ಸೇತುವೆ ಬರೆದರೆ ಉಳಿದವರಿಗೆ ಬೇಸರ. ಹಾಗಾಗಿ ಎಲ್ಲಿಯೂ ಇಲ್ಲದ ಸೇತುವೆಗಳನ್ನು, ಒಂದೊಂದು ಕಾಲದ ಶೈಲಿಯಲ್ಲಿ ಕಲ್ಪಿಸಿ ಬರೆದರು. ಆಮೇಲೆ ನಡೆದದ್ದು ಸೊಗಸು. ನೆದರ್‌ಲ್ಯಾಂಡ್ಸಿನ ಸ್ಪೈಕೆನಿಸ್ಸೆ ಎಂಬ ಊರಿನವರು ಆ ಏಳೂ ಸೇತುವೆಗಳನ್ನು, ನೋಟಿನ ಬಣ್ಣವನ್ನೂ ಬಿಡದೆ, ನಿಜವಾಗಿ ಕಟ್ಟಿಯೇಬಿಟ್ಟರು. ಅಲ್ಲಿ ಚಿತ್ರದಿಂದ ಕಟ್ಟಡ ಹುಟ್ಟಿತು. ಅಂಥ ಸೇತುವೆಯ ಮೇಲೆ ಒಮ್ಮೆ ನಡೆಯುವ ಆಸೆ ನನಗಿದೆ.

ಕಳೆದ ಚಳಿಗಾಲದಲ್ಲಿ ಹಂಪಿಗೆ ಹೋದಾಗ ಮಸೂರ ಜೇಬಿನಲ್ಲೇ ಇತ್ತು. ಬ್ಯಾಟರಿ ಗಾಡಿ ಇಳಿದು ವಿಠ್ಠಲ ದೇವಾಲಯದ ಅಂಗಳಕ್ಕೆ ಬಂದರೆ, ರಥದ ಮುಂದೆ ಆಗಲೇ ನಾಲ್ಕೈದು ಜನ ಐವತ್ತರ ನೋಟು ಎತ್ತಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರು. ನೋಟಿನ ರಥವೂ ಕಲ್ಲಿನ ರಥವೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ಅಲ್ಲಿ ಈಗ ಎಲ್ಲರೂ ಮಾಡುವ ಆಟ ಅದು. ಹತ್ತು ಹನ್ನೊಂದು ವರ್ಷದ ಒಬ್ಬ ಹುಡುಗಿಗೆ ಮಾತ್ರ ಅಷ್ಟಕ್ಕೆ ಸಮಾಧಾನವಿರಲಿಲ್ಲ. ‘ಅವ್ವಾ, ನೀ ಇನ್ನ ಸ್ವಲ್ಪ ಹಿಂದ ಸರಿ. ಆನಿ ಕೂಡವಲ್ದು’ ಎನ್ನುತ್ತ ತಾಯಿಯನ್ನು ಅತ್ತ ಇತ್ತ ನಡೆಸುತ್ತಿದ್ದಳು. ಚಿತ್ರ ಬರೆದವರು ಯಾವ ಜಾಗದಲ್ಲಿ ನಿಂತು ನೋಡಿದ್ದರೋ ಆ ಜಾಗವನ್ನೇ ಅವಳು ಹುಡುಕುತ್ತಿದ್ದಳು. ಒಂದು ಹೆಜ್ಜೆ ತಪ್ಪಿದರೂ ಗಾಲಿ ಕೂಡುತ್ತಿತ್ತು, ಆನೆ ತಪ್ಪುತ್ತಿತ್ತು.

ಕೊನೆಗೆ ಕೂಡಿತು. ಫೋಟೊ ಆಯಿತು. ಅವಳು ರಥದ ಹತ್ತಿರ ಹೋಗಿ ಆನೆಗಳ ಹಿಂದೆ ಬಗ್ಗಿ ನೋಡಿ, ‘ಇಲ್ಲೆ ಕುದ್ರಿ ಬಾಲ ಐತಿ’ ಎಂದು ಕೂಗಿದಳು. ಓಡಿಬಂದು ನೋಟನ್ನು ಕಣ್ಣಿನ ಹತ್ತಿರ ತಂದು ಹುಡುಕತೊಡಗಿದಳು. ನಾನು ಮಸೂರ ತೆಗೆದು ಕೊಟ್ಟೆ. ಜಗಲಿಯ ನೆರಳಿನಲ್ಲಿ ಕೂತು, ನೋಟನ್ನು ಮೊಣಕಾಲಿನ ಮೇಲೆ ಹರಡಿ, ಒಂದು ಕಣ್ಣು ಮುಚ್ಚಿ ಬಗ್ಗಿದಳು. ‘ಹೊತ್ತಾತು, ಬಾರವ್ವ’ ಎಂದು ತಾಯಿ ಎರಡು ಸಲ ಕರೆದರೂ ತಲೆ ಎತ್ತಲಿಲ್ಲ.